ಮೇಡಂ ಅವರ ರಂಪಣಿ, ಆಯಿಯ ಚುಕ್ಕೆಗಳು

ಅಂಕೋಲಾ
8 ಆಗಸ್ಟ್ 2004, ರವಿವಾರ

ಮುದ್ದಿನ ಪುಟ್ಟೂ,

ಆಯಿಯ ಆಶೀರ್ವಾದ. ನಾನೂ ನಿನ್ನ ಅಪ್ಪನೂ ಸುಖವಾಗಿದ್ದೇವೆ, ಮಳೆಯೊಂದು ಬಿಟ್ಟರೆ ನಮ್ಮನ್ನು ಯಾರೂ ಕಾಡುತ್ತಿಲ್ಲ. ನಿನ್ನ ಪತ್ರ ಬಂದು ಎರಡು ವಾರ ಆಗಿಹೋಯಿತು, ಉತ್ತರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಒಂಬತ್ತನೆಯ ವರ್ಗದ ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ಊಟದ ಮೇಜನ್ನೇ ನುಂಗಿದ್ದವು. ಅಪ್ಪ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಣ್ಣುತ್ತಿದ್ದರು.

ಅಪ್ಪನ ಸುದ್ದಿ ಹೊಸದೇನಿಲ್ಲ. ಮಳೆಗಾಲ ಮುಗಿಯುವತನಕ ಬೇಲೆಕೇರಿಗೆ ಹಡಗು ಬರುವುದಿಲ್ಲ, ಆದರೂ ಬಂದರಿನ ಅಂಗಳದಲ್ಲಿ ಬಿದ್ದ ಅದಿರಿನ ರಾಶಿಯನ್ನು ಯಾರಾದರೂ ಕಾಯಬೇಕಲ್ಲ. ಸಂಜೆ ಕೆಂಪು ರಾಡಿಯಲ್ಲಿ ಮಿಂದು ಬರುತ್ತಾರೆ. ಕಬ್ಬಿಣ ಒಮ್ಮೆ ಆಮ್ಲಜನಕವನ್ನು ಹಿಡಿದುಕೊಂಡಿತೆಂದರೆ ಬಿಡುವ ಜಾತಿಯದ್ದಲ್ಲ, ನನ್ನ ಕೈಯ ಸೋಪಿಗಂತೂ ಅದು ಕ್ಯಾರೇ ಅನ್ನುವುದಿಲ್ಲ. ಅವರ ಬಿಳಿ ಅಂಗಿಗಳೆಲ್ಲ ಈಗ ಹಂಚಿನ ಬಣ್ಣಕ್ಕೆ ತಿರುಗಿವೆ.

ಇನ್ನು ನಿನ್ನ ಪತ್ರ. ಮೊದಲ ಸಲ ಓದುವಾಗ ಹಾಸ್ಟೆಲಿನ ಊಟ ಹೇಗಿದೆ ಎಂದು ಹುಡುಕಿದೆ, ಸಿಗಲಿಲ್ಲ. ಎರಡನೆಯ ಸಲ, ಮನೆ ನೆನಪಾಗುತ್ತದೆ ಎಂದು ಎಲ್ಲಾದರೂ ಮೂಲೆಯಲ್ಲಿ ಬರೆದಿದ್ದೀಯೋ ಎಂದು ಹುಡುಕಿದೆ, ಅದೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಮಂದಾಕಿನಿ ಮೇಡಂ. ಕಾರವಾರದ ನಿಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮಂದಾಕಿನಿ ಮೇಡಂ, ಅವರ ಹತ್ತಿ ಸೀರೆ, ಅವರು ಕದ್ವಾಡದಿಂದ ಸ್ಕೂಟಿ ಬಿಟ್ಟುಕೊಂಡು ಬರುವ ಚೆಂದ, ಸೀಮೆಸುಣ್ಣ ಹಿಡಿಯುವ ಬೆರಳು. ಕೊನೆಗೆ ಕಾಗದದಲ್ಲಿ ಜಾಗ ಉಳಿದದ್ದಕ್ಕೆ ‘ಆಯಿ, ಒಣ ಶೆಟ್ಲಿ ಚಟ್ನಿ ಕಳ್ಸು’ ಎಂದು ಒಂದು ಸಾಲು. ವಿಜ್ಞಾನಕ್ಕೆ ಮೇಡಂ, ಸಿಗಡಿ ಚಟ್ನಿಗೆ ಆಯಿ. ಇರಲಿ.

ಆ ರಂಪಣಿಯ ಭಾಗವನ್ನು ಮಾತ್ರ ಅಪ್ಪನಿಗೂ ಓದಿ ಹೇಳಿದೆ. ಲೋಹದೊಳಗಿನ ಬಂಧವೆಂದರೆ ರಂಪಣಿ ಬಲೆ ಇದ್ದ ಹಾಗೆ. ಊರಿನವರೆಲ್ಲ ಸಮುದ್ರದ ದಂಡೆಯಲ್ಲಿ ಸಾಲಾಗಿ ನಿಂತು ಒಂದೇ ಬಲೆಯ ಹಗ್ಗ ಎಳೆಯುತ್ತಾರೆ, ಒಳಗಿನ ಮೀನು ಯಾರೊಬ್ಬರದೂ ಅಲ್ಲ, ಹಗ್ಗ ಹಿಡಿದವರೆಲ್ಲರದು. ತಾಮ್ರದ ತಂತಿಯಲ್ಲೂ ಹೊರಕವಚದ ಎಲೆಕ್ಟ್ರಾನುಗಳು ಯಾವ ಒಂದು ಪರಮಾಣುವಿನ ಸೊತ್ತೂ ಅಲ್ಲ, ಎಲ್ಲವೂ ಸೇರಿ ಹಿಡಿದ ರಾಶಿ. ಹೀಗೆಂದು ಮೇಡಂ ಹೇಳಿದರಂತೆ. ಅದರ ಕೆಳಗೆ ನೀನು ‘ಆಯಿ, ಬಂಧ ಅಂದ್ರೆ ಎಂತಾ ಅಂತ ನಂಗೆ ಇವತ್ತೇ ತಿಳ್ದದ್ದು’ ಎಂದು ಬರೆದು, ಸಾಲದ್ದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಬೇರೆ ಎಳೆದಿದ್ದೀ.

ಇವತ್ತೇ ತಿಳಿದದ್ದೇ? ಹಾಗಾದರೆ ಒಂಬತ್ತನೆಯ ವರ್ಗದಲ್ಲಿ ನಿನ್ನ ಮುಂದೆ ನಿಂತು ಗಂಟಲು ಹರಿದುಕೊಂಡವಳು ಯಾರು, ಬೀದಿಯ ದನವೇ? ಸೋಡಿಯಂ ತನ್ನ ಹೊರಕವಚದ ಒಂದೇ ಒಂದು ಎಲೆಕ್ಟ್ರಾನನ್ನು ಕೊಟ್ಟು ಹಗುರಾಗುತ್ತದೆ, ಏಳು ಇಟ್ಟುಕೊಂಡು ಎಂಟಕ್ಕೆ ಹಂಬಲಿಸುವ ಕ್ಲೋರಿನ್ ಅದನ್ನು ಬಾಚಿಕೊಳ್ಳುತ್ತದೆ, ಕೊಟ್ಟದ್ದು ಧನ ಅಯಾನು, ಪಡೆದದ್ದು ಋಣ ಅಯಾನು, ಒಂದನ್ನೊಂದು ಸೆಳೆದು ನಿಂತರೆ ಅಡುಗೆ ಉಪ್ಪು. ಇಷ್ಟನ್ನೂ ನಾನು ಚುಕ್ಕೆ ಇಟ್ಟು ಇಟ್ಟು ತೋರಿಸಿದ್ದೆ. ಒಂದು ಪರಮಾಣುವಿನ ಚುಕ್ಕೆ ಬಿಳಿ, ಇನ್ನೊಂದರದು ಹಳದಿ, ಯಾರು ಕೊಟ್ಟದ್ದು ಯಾರು ಪಡೆದದ್ದು ಎಂದು ಹಿಂದಿನ ಬೆಂಚಿನ ದಡ್ಡನಿಗೂ ಕಾಣಬೇಕೆಂದು. ಶಾಲೆಯಲ್ಲಿ ಬಿಳಿ ಸೀಮೆಸುಣ್ಣ ಬಿಟ್ಟು ಬೇರೆ ಕೊಡುವುದಿಲ್ಲ, ಹಳದಿಯನ್ನು ನಾನೇ ಪೇಟೆಯಿಂದ ತರುತ್ತಿದ್ದದ್ದು ನಿನಗೇ ಗೊತ್ತು.

ತಿಳಿಯದಿದ್ದರೆ ಕೈ ಎತ್ತಬಹುದಿತ್ತು. ನೀನು ಮೂರನೆಯ ಬೆಂಚಿನಲ್ಲಿ ಕೂತು ಕಿಟಕಿ ನೋಡುತ್ತಿದ್ದೆ. ಶಾಲೆಯ ಗೇಟು ದಾಟಿದ ಮೇಲೆ ಆಯಿ ಅನ್ನಬಾರದು, ಎಲ್ಲರ ಹಾಗೆ ಅಕ್ಕೋರು ಅನ್ನಬೇಕು ಎಂದು ನಾನು ಕಟ್ಟುನಿಟ್ಟು ಮಾಡಿದ್ದೆ, ನಿಜ. ಅಕ್ಕೋರೇ ಎಂದು ಕೇಳಿದ್ದರೆ ನಾನೇನು ನುಂಗಿಬಿಡುತ್ತಿದ್ದೆನೇ? ಹಿತ್ತಲ ಗಿಡ ಮದ್ದಲ್ಲ, ಅಷ್ಟೇ ಸಂಗತಿ.

ನಿನ್ನ ಮೇಡಂಗೆ ನನ್ನ ಪರವಾಗಿ ಎರಡು ಪ್ರಶ್ನೆ ಕೇಳು. ರಂಪಣಿಯಲ್ಲಿ ಹಗ್ಗ ಎಳೆದವನಿಗೆ ಒಂದು ಪಾಲಾದರೆ ಬಲೆಯ ಒಡೆಯನಿಗೆ ಅದಕ್ಕಿಂತ ದೊಡ್ಡ ಪಾಲು. ತಾಮ್ರದ ತಂತಿಯಲ್ಲಿ ಒಡೆಯ ಯಾರು? ಎರಡನೆಯದು, ‘ಉಪ್ಪಿನ ಅಣು’ ಎಂದು ನಿನ್ನ ಪತ್ರದಲ್ಲಿದೆ. ಉಪ್ಪಿನಲ್ಲಿ ಅಣು ಎಂಬುದೇ ಇಲ್ಲ. ಒಂದು ಸೋಡಿಯಮ್ಮಿನ ಸುತ್ತ ಆರು ಕ್ಲೋರಿನ್, ಒಂದು ಕ್ಲೋರಿನ್ ಸುತ್ತ ಆರು ಸೋಡಿಯಂ, ಹರಳಿನ ಅಂಚು ಮುಗಿಯುವತನಕ ಅದೇ ಸಾಲು. ಇಂಥವರು ಇಂಥವರ ಜೋಡಿ ಎಂದು ಬೆರಳು ತೋರಿಸಲಿಕ್ಕೆ ಬರುವುದಿಲ್ಲ. ನಿನ್ನ ಮೇಡಂ ಇದನ್ನು ಹೇಳಲಿಲ್ಲವೇ? ಸ್ಕೂಟಿಯಲ್ಲಿ ಬರುವಾಗ ದಾರಿಯಲ್ಲಿ ಬಿದ್ದುಹೋಯಿತೋ ಏನೋ.

ಇದನ್ನೆಲ್ಲ ಗಟ್ಟಿಯಾಗಿ ಹೇಳುತ್ತಲೇ ಬರೆಯುತ್ತಿದ್ದೆ. ಅಪ್ಪ ಪೇಪರಿನಿಂದ ತಲೆಯೆತ್ತಿ, “ಹುಡ್ಗಿಗೆ ಒಳ್ಳೆ ಅಕ್ಕೋರು ಸಿಕ್ಕಿರೆ ಖುಷಿ ಪಡೂದ ಬಿಟ್ಟು ಎಂತಕೆ ಉರ್ಕಂತೆ ಮಾರಾಯ್ತಿ?” ಎಂದರು.

“ನಾ ಎಲ್ಲಿ ಉರ್ಕಂಡೆ?”

“ರಂಪಣಿ ಚೊಲೋ ಅದೆ. ನಂಗೂ ತಿಳೀತು ನೋಡು.”

ರಸಾಯನಶಾಸ್ತ್ರದ ಹೆಂಡತಿಯ ಕೈಯಿಂದ ಇಷ್ಟು ವರ್ಷ ಉಂಡವರಿಗೆ ಬಂಧ ತಿಳಿಯಲಿಕ್ಕೆ ಕದ್ವಾಡದ ಮೇಡಂ ಬೇಕಾಯಿತು. ಇವತ್ತು ಅವರ ಸಾರಿಗೆ ಉಪ್ಪು ಹಾಕುವುದಿಲ್ಲ.

ಚಟ್ನಿಯನ್ನು ಕಾರವಾರಕ್ಕೆ ಹೋಗುವ ಮಂಗೇಶನ ಕೈಯಲ್ಲಿ ಕಳಿಸಿದ್ದೇನೆ. ಹಾಸ್ಟೆಲಿನ ಎಲ್ಲರಿಗೂ ಹಂಚಿ ನೀನು ಬರಿಗೈಯಲ್ಲಿ ಕೂರಬೇಡ. ತಲೆಗೆ ಎಣ್ಣೆ ಹಾಕಿಕೋ, ಒದ್ದೆ ತಲೆಯಲ್ಲಿ ಮಲಗಬೇಡ. ಒಳ್ಳೆಯದಾಗಲಿ.

ನಿನ್ನ ಆಯಿ
ಮಂಗಲಾ

ತಾ.ಕ.: ಹತ್ತಿ ಸೀರೆ ನನ್ನ ಹತ್ತಿರವೂ ಇವೆ. ಮಳೆಗಾಲದಲ್ಲಿ ಒಣಗುವುದಿಲ್ಲವೆಂದು ಉಡುವುದಿಲ್ಲ.


ಅಂಕೋಲಾ
28 ಸೆಪ್ಟೆಂಬರ್ 2004

ಪುಟ್ಟೂ,

ಚೌತಿ ಮುಗಿಸಿ ನೀನು ಬಸ್ಸು ಹತ್ತಿದ ಮೇಲೆ ಮನೆ ಬಿಕೋ ಎನ್ನುತ್ತಿದೆ. ಆಶೀರ್ವಾದ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬರೆಯುವಾಗ ಸಿಟ್ಟಿನಲ್ಲಿ ಮರೆತುಹೋದೀತು.

ಹಬ್ಬದ ದಿನ ಹೊರಗಿನ ಕೋಣೆಯಲ್ಲಿ ನೆಂಟರೆಲ್ಲ ಪಂಚಕಜ್ಜಾಯ ತಿನ್ನುತ್ತ ಕೂತಾಗ ದೇವಕಿ ಅತ್ತೆ ನಿನ್ನನ್ನು ಕೇಳಿದರು, “ಕಾಲೇಜಲ್ಲಿ ಎಂತಾ ಕಲ್ಸ್ತ್ರೆ ಪುಟ್ಟು?” ನೀನು ನೀರಿನ ಲೋಟ ಎತ್ತಿ ಹಿಡಿದು ಶುರು ಮಾಡಿದೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆ. ನೀರಿನಲ್ಲಿ ಆಮ್ಲಜನಕವೂ ಜಲಜನಕವೂ ಎಲೆಕ್ಟ್ರಾನಿನ ಜೋಡಿಯನ್ನು ಹಂಚಿಕೊಂಡಿವೆ, ಆದರೆ ಸಮಪಾಲಲ್ಲ, ಆಮ್ಲಜನಕ ತನ್ನ ಕಡೆಗೆ ಎಳೆದುಕೊಂಡೇ ಇರುತ್ತದೆ, ಅದಕ್ಕೇ ನೀರಿನ ಅಣುವಿಗೆ ಒಂದು ಕಡೆ ಋಣ ಒಂದು ಕಡೆ ಧನ, ಅದಕ್ಕೇ ಅದು ಉಪ್ಪಿನ ಅಯಾನುಗಳನ್ನು ಒಂದೊಂದಾಗಿ ಕಿತ್ತು ಕರಗಿಸುತ್ತದೆ. ಎಷ್ಟು ಚೆನ್ನಾಗಿ ಹೇಳಿದೆ! ಒಂದು ತಪ್ಪಿಲ್ಲ. ನನಗೆ ಎದೆಯುಬ್ಬಿ ಬಂತು. ಆದರೆ ಪ್ರತಿ ವಾಕ್ಯದ ಬಾಲಕ್ಕೆ ‘ಮಂದಾಕಿನಿ ಮೇಡಂ ಹೇಳ್ತ್ರು’, ‘ಮಂದಾಕಿನಿ ಮೇಡಂ ಹೇಳ್ತ್ರು’.

ಅತ್ತೆ ಬಾಯಿ ತುಂಬ ನಕ್ಕು, “ಅಕ್ಕೋರ ಮಗಳಲ್ದಾ, ಹಾಲಿನ ಸಂಗ್ತೀನೇ ಕುಡ್ದಾಳೆ” ಎಂದರು. ಅವರು ನನ್ನನ್ನು ನೋಡಿ ಹೇಳಿದ್ದು, ನಾನೂ ನಗುವುದಕ್ಕೆ ತಯಾರಾಗಿದ್ದೆ. ಅಷ್ಟರಲ್ಲಿ ನೀನು, “ಆಯಿ ಹೇಳದ್ದಲ್ಲ ಅತ್ತೆ, ಇದು ಮೇಡಂ ಹೇಳದ್ದು” ಎಂದುಬಿಟ್ಟೆ. ಲೋಟ ಕೆಳಗಿಟ್ಟು ನೀನು ಹಿತ್ತಲಿಗೆ ಹೋದೆ. ತೋರಿಸಿಕೊಳ್ಳಬಾರದೆಂದು ನಾನು ಒಳಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದೆ.

ಹಬ್ಬದ ಮೂರು ದಿನವೂ ಬಾಯಿ ಬಿಡದೆ, ಹಾಸ್ಟೆಲಿಗೆ ಹೋಗಿ ಮುಟ್ಟಿದ ಮೇಲೆ ಈ ಪತ್ರ ಬರೆದಿದ್ದೀ. ದಸರಾ ರಜೆಗೆ ಊರಿಗೆ ಬರುವುದಿಲ್ಲ. ಮೇಡಂ ಕದ್ವಾಡದ ತಮ್ಮ ಮನೆಯಲ್ಲಿ ನಿನ್ನನ್ನು ಇಟ್ಟುಕೊಂಡು ರಜೆಯುದ್ದಕ್ಕೂ ಪಾಠ ಹೇಳುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ, ಊಟವೂ ಅವರಲ್ಲೇ. ನಿನ್ನನ್ನೊಬ್ಬಳನ್ನೇ ಕರೆದಿದ್ದಾರೆ. ‘ಆಯಿ, ಹೋಗ್ಲಾ? ಬೇಡ ಅನ್ಬೇಡ.’ ಬೇಡ ಅನ್ನಬೇಡ ಎಂದು ಕೇಳುವವಳಿಗೆ ಹೋಗಲಾ ಎಂದು ಕೇಳುವ ಅಗತ್ಯವಾದರೂ ಏನು?

ಈಗ ನಾನೊಂದು ಹೇಳುತ್ತೇನೆ, ನಗಬೇಡ. ಜೂನಿನಲ್ಲಿ ನೀನು ಕಾಲೇಜಿಗೆ ಸೇರಿದಾಗಲೇ ನಾನು ಪಿಯುಸಿಯ ರಸಾಯನಶಾಸ್ತ್ರದ ಪುಸ್ತಕ ತರಿಸಿಕೊಂಡಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಸ್ಟಾಫ್‌ರೂಮಿನ ಮೂಲೆಯಲ್ಲಿ ಕೂತು ಓದುತ್ತಿದ್ದೇನೆ. ನಾನು ಡಿಗ್ರಿಯಲ್ಲಿ ಕಲಿತದ್ದು ಅರ್ಧ ಮರೆತಿದೆ, ಅರ್ಧ ಬದಲಾಗಿದೆ. ಆದರೂ ಬಂಧದ ಅಧ್ಯಾಯ ಮುಗಿಸಿ ಮುಂದಿನ ಎರಡು ಅಧ್ಯಾಯ ದಾಟಿದ್ದೇನೆ. ದಸರಾ ರಜೆಯಲ್ಲಿ ನೀನು ಬಂದರೆ ಜಗಲಿಯಲ್ಲಿ ಕೂತು ನಾನೇ ಹೇಳಿಕೊಡಬೇಕೆಂದು. ಈ ಸಲ ಅಕ್ಕೋರು ಗಿಕ್ಕೋರು ಎಂಬ ಕಟ್ಟುನಿಟ್ಟು ಇಲ್ಲದೆ, ಆಯಿ ಅಂತಲೇ ಕೂಗಲಿ ಎಂದು.

ನಿನ್ನ ಮೇಡಂ ಆಮ್ಲಜನಕವಿದ್ದ ಹಾಗೆ. ಹಂಚಿಕೊಂಡಿದ್ದೇವೆ ಎಂಬುದು ಹೆಸರಿಗೆ, ಜೋಡಿಯನ್ನು ಪೂರ್ತಿ ತಮ್ಮ ಕಡೆಗೆ ಎಳೆದುಕೊಂಡಿದ್ದಾರೆ. ನನಗೆ ಹೊಟ್ಟೆಕಿಚ್ಚು, ಪುಟ್ಟು. ಅಪ್ಪನ ಎದುರು ಒಪ್ಪಲಿಲ್ಲ, ನಿನ್ನ ಎದುರು ಒಪ್ಪುತ್ತೇನೆ. ಯಾರದೋ ಮನೆಯ ಅನ್ನ ತಿಂದು ಯಾರದೋ ಜಗಲಿಯಲ್ಲಿ ಕೂತು ನಾನು ಹೇಳಬೇಕಾದದ್ದನ್ನೇ ನೀನು ಕಲಿಯುತ್ತೀ ಎಂದು ನೆನೆಸಿ ಇವತ್ತು ಆ ಪುಸ್ತಕವನ್ನು ತೆರೆಯಲೇ ಇಲ್ಲ.

ಹೂಂ ಎಂದೂ ಬರೆಯಲಾರೆ, ಉಹೂಂ ಎಂದೂ ಬರೆಯಲಾರೆ. ವಿಚಾರ ಮಾಡಿ ತಿಳಿಸುತ್ತೇನೆ. ಅಲ್ಲಿಯತನಕ ಫೋನು ಮಾಡಿ ಅಪ್ಪನ ಹತ್ತಿರ ಒಪ್ಪಿಗೆ ತೆಗೆದುಕೊಳ್ಳುವ ಉಪಾಯ ಮಾಡಬೇಡ, ಅವರು ರಂಪಣಿಯ ಪಕ್ಷದವರು.

ರಾತ್ರಿ ಮಳೆ ಬಂದರೆ ತಂಪಾಗುತ್ತದೆ, ಚಾದರ ಹೊದ್ದು ಮಲಗು.

ಆಯಿ


ಅಂಕೋಲಾ
10 ಅಕ್ಟೋಬರ್ 2004, ರವಿವಾರ

ನನ್ನ ಪುಟ್ಟೂ,

ನೂರು ವರ್ಷ ಬಾಳು. ಉತ್ತರ ತಡ ಮಾಡಿ ನಿನ್ನನ್ನು ಕಾಯಿಸಿದೆ. ದಿನವೂ ಹಾಸ್ಟೆಲಿನ ಟಪಾಲು ಪೆಟ್ಟಿಗೆ ನೋಡಿ ಮುಖ ಸಪ್ಪೆ ಮಾಡಿಕೊಂಡಿರುತ್ತೀ ಎಂದು ಗೊತ್ತಿತ್ತು. ಒಪ್ಪಿಗೆಯ ಮಾತು ಹೇಳುವ ಮೊದಲು ನಾನು ಮಾಡಿದ ಒಂದು ಕೆಲಸವನ್ನು ಹೇಳಬೇಕು. ಗುರುವಾರ ನಾನು ಕಾರವಾರಕ್ಕೆ ಬಂದಿದ್ದೆ. ನಿನ್ನ ಕಾಲೇಜಿಗೂ ಬಂದಿದ್ದೆ.

ಗಾಬರಿ ಬೀಳಬೇಡ. ಉಪನಿರ್ದೇಶಕರ ಕಚೇರಿಗೆ ಶಾಲೆಯ ಕಾಗದ ಮುಟ್ಟಿಸುವುದಿತ್ತು. ಜವಾನ ಕುಪ್ಪ ಹೋಗುವವನಿದ್ದ. ನಾನೇ ಹೋಗುತ್ತೇನೆ ಎಂದು ಅವನ ಕೈಯಿಂದ ಕಸಿದುಕೊಂಡೆ. ಹೆಡ್‌ಮಾಸ್ತರು ಬೆಪ್ಪಾಗಿ ನೋಡಿದರು. ನಾನು ಒಳ್ಳೆಯ ಹತ್ತಿ ಸೀರೆ ಉಟ್ಟುಕೊಂಡು ಬಂದದ್ದನ್ನೂ ನೋಡಿದರು.

ಬರಿಗೈಯಲ್ಲಿ ಹೋಗಬಾರದಲ್ಲ, ಬೇಸಿಗೆಯಲ್ಲಿ ಉಪ್ಪು ಹಾಕಿ ಇಟ್ಟ ಮುರುಗಲು ಹಣ್ಣಿನ ರಸದ ಬಾಟಲಿ ಚೀಲದಲ್ಲಿಟ್ಟುಕೊಂಡೆ. ಅದೇ ಹಾರ್ಲಿಕ್ಸಿನ ಗಾಜಿನ ಬಾಟಲಿ, ತಗಡಿನ ಮುಚ್ಚಳದ್ದು. ಬಿಣಗಾದ ತಿರುವಿನಲ್ಲಿ ಬಸ್ಸು ವಾಲಿದಾಗ ಏನೋ ತಣ್ಣಗಾಯಿತು. ನೋಡಿದರೆ ಮುಚ್ಚಳವನ್ನು ರಸ ಒಳಗಿಂದಲೇ ತಿಂದುಹಾಕಿದೆ, ಚೀಲದ ತಳವೆಲ್ಲ ಕಂದು ಬಣ್ಣ, ಸೀರೆಯ ನೆರಿಗೆಯ ಮೇಲೂ ಒಂದು ಅಂಗೈಯಗಲದ ಕಲೆ. ಆಮ್ಲವನ್ನು ಕಬ್ಬಿಣದ ಹತ್ತಿರ ಇಡಬಾರದೆಂದು ಪ್ರತಿ ವರ್ಷ ಎಂಟನೆಯ ವರ್ಗಕ್ಕೆ ಹೇಳುವವಳು ನಾನು. ಮುಚ್ಚಳದ ಕೆಳಗೆ ಒಂದು ಪ್ಲಾಸ್ಟಿಕ್ ತುಂಡು ಇಡುವುದಕ್ಕೂ ಆಗ ಪುರುಸೊತ್ತು ಇರಲಿಲ್ಲ.

ನಿಮ್ಮ ಕಾಲೇಜಿಗೆ ಬಂದಾಗ ಪಾಠ ನಡೆದಿತ್ತು. ಉದ್ದ ಜಗಲಿಯ ಕೊನೆಯ ಕೋಣೆ, ಕಿಟಕಿ ತೆರೆದಿತ್ತು. ನಾನು ಕಂಬದ ಮರೆಗೆ ನಿಂತೆ. ಮಕ್ಕಳ ಮೇಲೆ ನಿಗಾ ಇಡುವ ಇನ್‌ಸ್ಪೆಕ್ಟರಂತೆ ನಿಲ್ಲಬೇಕೆಂದು ಬಂದವಳು ಪೇರಲ ಹಣ್ಣು ಕದಿಯಲು ಬಂದವಳಂತೆ ನಿಂತಿದ್ದೆ.

ನಿನ್ನ ಮೇಡಮ್ಮನ್ನು ನೋಡಿದೆ. ನಾನು ಅಂದುಕೊಂಡಷ್ಟು ಚಿಕ್ಕ ಪ್ರಾಯದವರಲ್ಲ, ಅಷ್ಟು ಚೆಂದವೂ ಇಲ್ಲ. ಅದು ಸ್ವಲ್ಪ ಸಮಾಧಾನ ಕೊಟ್ಟಿತು. ಅವರು ಉಪ್ಪಿನ ಬಗ್ಗೆಯೇ ಹೇಳುತ್ತಿದ್ದರು. ನನ್ನ ಕಿವಿ ನಿಮಿರಿತು. ಈಗ ‘ಉಪ್ಪಿನ ಅಣು’ ಎನ್ನುತ್ತಾರೆ, ಈಗ ಎನ್ನುತ್ತಾರೆ ಎಂದು ಕಾದೆ. ಅವರು ಕಲ್ಲುಪ್ಪಿನ ಒಂದು ಹರಳನ್ನು ಬೆರಳಲ್ಲಿ ಹಿಡಿದು, “ಇದ್ರಲ್ಲಿ ಅಣು ಇಲ್ಲ ಮಕ್ಳೇ. ಇವ್ನು ಅವ್ನ ಜೋಡಿ ಅಂತ ತೋರ್ಸೂಕೆ ಬರೂದಿಲ್ಲ. ಇಡೀ ಹರಳೇ ಒಂದು ಸಂಸಾರ” ಎಂದರು. ನನ್ನ ಕೈಯಲ್ಲಿದ್ದ ಒಂದೇ ಒಂದು ಆಯುಧವನ್ನೂ ಕಸಿದುಕೊಂಡರು. ಪತ್ರದಲ್ಲಿ ತಪ್ಪು ಬರೆದದ್ದು ನೀನೇ ಎಂದಾಯಿತು.

ಆಮೇಲೆ ನೈಟ್ರೋಜನ್ ಅಣುವನ್ನು ಹಲಗೆಯ ಮೇಲೆ ಯಾರು ಬರೆಯುತ್ತೀರಿ ಎಂದು ಕೇಳಿದರು. ಮೊದಲ ಬೆಂಚಿನಿಂದ ಒಂದು ಕೈ ಮೇಲೆ ಹೋಯಿತು. ನಿನ್ನದು. ನನ್ನ ವರ್ಗದಲ್ಲಿ ಒಂದು ದಿನವೂ ಮೇಲೇಳದ ಕೈ, ಬಳೆ ಮೊಣಕೈಗೆ ಜಾರುವಷ್ಟು ಮೇಲಕ್ಕೆ ಎದ್ದಿತ್ತು. ಆ ಕೈಯನ್ನು ನೋಡಿ ನನಗಾದ ಸಂಕಟ ಯಾವ ಶತ್ರುವಿಗೂ ಬೇಡ. ಹೋಗಿ ಆ ಕೋಣೆಯ ಬಾಗಿಲು ಹಾಕಿ ನಿನ್ನನ್ನು ಎಳೆದುಕೊಂಡು ಅಂಕೋಲೆಯ ಬಸ್ಸು ಹತ್ತಿಸಬೇಕೆನಿಸಿತು.

ನೀನು ಹಲಗೆಯ ಹತ್ತಿರ ಹೋದೆ. ಮೇಡಂ ಕೊಟ್ಟ ಬಿಳಿ ಸೀಮೆಸುಣ್ಣದಿಂದ ಒಂದು ನೈಟ್ರೋಜನ್ನಿಗೆ ಐದು ಚುಕ್ಕೆ ಇಟ್ಟೆ. ಇನ್ನೊಂದಕ್ಕೆ ಇಡುವ ಮೊದಲು ತಿರುಗಿ, “ಮೇಡಂ, ಹಳದಿ ಇದ್ಯಾ?” ಎಂದು ಕೇಳಿದೆ. ಅವರು ಡ್ರಾಯರಿನಿಂದ ಹುಡುಕಿ ಕೊಟ್ಟರು. ಆಮೇಲೆ ಹಳದಿಯ ಐದು. ನಡುವೆ ಮೂರು ಜೋಡಿ, ಪ್ರತಿ ಜೋಡಿಯಲ್ಲಿ ಒಂದು ಬಿಳಿ ಒಂದು ಹಳದಿ, ಹೊರಗೆ ಆ ಕಡೆ ಎರಡು ಈ ಕಡೆ ಎರಡು. ಎಣಿಸಿದರೆ ಇಬ್ಬರಿಗೂ ಎಂಟೆಂಟು. ಮೂರು ಬಂಧ ಬಿಡಿಸುವುದು ಬೆಂಕಿಗೂ ಕಷ್ಟ ಎಂದು ನೀನು ಹೇಳಿದೆ. ನಾನು ಒಂಬತ್ತನೆಯ ವರ್ಗದಲ್ಲಿ ಹೇಳುವುದೂ ಇದೇ ಮಾತನ್ನು.

ಪುಟ್ಟು, ಕಂಬವನ್ನು ಹಿಡಿದುಕೊಂಡು ನಾನು ಅತ್ತುಬಿಟ್ಟೆ. ಚುಕ್ಕೆ ನನ್ನದು, ಹಳದಿ ನನ್ನದು, ಚುಕ್ಕೆ ಇಡುವಾಗ ಸೀಮೆಸುಣ್ಣವನ್ನು ಸ್ವಲ್ಪ ತಿರುಗಿಸುವ ಅಭ್ಯಾಸವೂ ನನ್ನದೇ. ಕಿಟಕಿ ನೋಡುತ್ತ ಕೂತವಳು ಹಲಗೆಯನ್ನೂ ನೋಡಿದ್ದಳು ಎಂದಾಯಿತಲ್ಲ. ಇಷ್ಟು ದಿನದ ಹೊಟ್ಟೆಕಿಚ್ಚು ಒಂದು ಕೊಡ ತಣ್ಣೀರು ಸುರಿದ ಹಾಗೆ ಆರಿಹೋಯಿತು. ರಂಪಣಿ ಅವರದೇ ಇರಲಿ, ಸ್ಕೂಟಿ ಅವರದೇ ಇರಲಿ, ಚುಕ್ಕೆ ನನ್ನದು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ದೊಡ್ಡವರು ಸುಮ್ಮನೆ ಹೇಳಲಿಲ್ಲ ಎಂದುಕೊಂಡೆ.

ಗಂಟೆ ಹೊಡೆಯಿತು. ನೀವೆಲ್ಲ ಗಲಗಲ ಎನ್ನುತ್ತ ಆ ಕಡೆಯ ಮೆಟ್ಟಿಲಿನಿಂದ ಊಟಕ್ಕೆ ಹೋದಿರಿ. ನಿನ್ನನ್ನು ಕೂಗಲಿಲ್ಲ. ಅತ್ತ ಮುಖ ತೋರಿಸುವುದು ಬೇಡವೆಂದು, ಮತ್ತು ಮೊದಲು ಮೇಡಮ್ಮನ್ನು ನೋಡಬೇಕೆಂದು. ಸುಳ್ಳೇಕೆ, ಹೊಗಳಿಕೆಯಲ್ಲಿ ನನ್ನ ಪಾಲನ್ನು ಇಸಿದುಕೊಳ್ಳಬೇಕೆಂದೇ ಹೋದದ್ದು.

ಅವರು ಪ್ರಯೋಗಾಲಯದಲ್ಲಿ ಒಬ್ಬರೇ ಕೂತು ಡಬ್ಬಿ ಬಿಚ್ಚುತ್ತಿದ್ದರು. ರಕ್ಷಿತಾಳ ತಾಯಿ ಎಂದೆ. ತಟ್ಟನೆ ಎದ್ದು ನಿಂತರು. “ಯೆಯಾ ಯೆಯಾ, ಬನ್ನಿ ಬಾಯಿ, ಕುಂತ್ಕಳಿ. ಬಿಸ್ಲಲ್ಲಿ ಬಂದ್ರಿ, ನೀರು ಕುಡೀರಿ ಮೊದ್ಲು” ಎಂದು ಕೊಂಕಣಿ ಬೆರೆಸಿ, ಅಕ್ಕ ಅನ್ನುವ ಹಾಗೆ ಬಾಯಿ ಎಂದು ಕರೆದು, ಅವರದೇ ಸ್ಟೂಲು ಕೊಟ್ಟರು. ತಮ್ಮ ಡಬ್ಬಿಯ ಅರ್ಧ ಚಪಾತಿ ನನಗೆ ಹಾಕಿದರು. ಬೈಯಬೇಕೆಂದು ಹೋದವಳಿಗೆ ಉಣ್ಣಿಸಿಬಿಟ್ಟರೆ ಏನು ಮಾಡುವುದು? ಪಲ್ಯಕ್ಕೆ ಉಪ್ಪು ತುಸು ಹೆಚ್ಚಾಗಿತ್ತು, ಅಷ್ಟನ್ನಾದರೂ ಬರೆದು ಇಡುತ್ತೇನೆ.

ನಿನ್ನ ಬಗ್ಗೆ ಬಹಳ ಹೇಳಿದರು. “ಅಷ್ಟು ಚೊಕ್ಕ ಚುಕ್ಕೆ ನಮ್ಮ ಕಾಲೇಜಲ್ಲೇ ಯಾರೂ ಹಾಕೂದಿಲ್ಲ. ಬಣ್ಣ ಬೇರೆ ಮಾಡೂದು ನಂಗೇ ಹೊಳ್ದಿರ್ಲಿಲ್ಲ, ಈಗ ಎಲ್ಲಾ ಸೆಕ್ಷನ್ನಲ್ಲಿ ನಾನೂ ಹಾಂಗೇ ಮಾಡ್ತೆ” ಎಂದರು. ನಾನು ಸ್ಟೂಲಿನ ಮೇಲೆ ಒಂದು ಗೇಣು ಎತ್ತರವಾದೆ.

ಬಾಟಲಿ ತೆಗೆದುಕೊಟ್ಟೆ. ಮುಚ್ಚಳದ ಗತಿ ನೋಡಿ ಅವರು ನಕ್ಕರು. ಆಮೇಲೆ ನಿಧಾನಕ್ಕೆ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ, ಮುರುಗಲಿನಲ್ಲಿ ಆಮ್ಲ ಇರುತ್ತದೆ ಬಾಯಿ, ಅದು ತಗಡಿನ ಕಬ್ಬಿಣದ ಸಂಗ್ತಿ ಸೇರಿ ಲವಣ ಆಗುತ್ತದೆ, ಉಪ್ಪು ಇದ್ದರೆ ಇನ್ನೂ ಬೇಗ ತಿನ್ನುತ್ತದೆ, ಇನ್ನು ಮೇಲೆ ಪ್ಲಾಸ್ಟಿಕ್ ಮುಚ್ಚಳದ ಬಾಟಲಿಯಲ್ಲೇ ಹಾಕಿಡಿ ಎಂದು ತಿಳಿಸಿ ಹೇಳಿದರು. “ಗೊತ್ತಾಯ್ತಾ?” ಎಂದು ಕೇಳಿದರು. ನಾನು ಹೂಂ ಎಂದೆ. ನೀನು ಇಲ್ಲಿ ನಗಬಹುದು.

ಅವರಿಗೆ ಮಕ್ಕಳಿಲ್ಲವಂತೆ. ಮನೆಯಲ್ಲಿ ಅವರು, ವಯಸ್ಸಾದ ಅತ್ತೆ, ಕೈಗಾದ ಕಂಪನಿ ಬಸ್ಸಿನಲ್ಲಿ ನಸುಕಿಗೆ ಹೋಗಿ ಸಂಜೆ ಬರುವ ಗಂಡ. ನಿನಗೆ ನದಿಯ ಕಡೆಯ ಕೋಣೆ ತೆಗೆದಿಟ್ಟಿದ್ದಾರಂತೆ. ಮೇಜು ಇದೆ, ಫ್ಯಾನು ಇದೆ. ನಿನಗೆ ಬೆಳಿಗ್ಗೆ ಏಳಲು ಆಗುವುದಿಲ್ಲ, ಬೈದೇ ಎಬ್ಬಿಸಬೇಕು ಎಂದು ನಾನೇ ಹೇಳಿ ಬಂದೆ.

ಆದ್ದರಿಂದ ಹೋಗು. ರಜೆಯೆಲ್ಲ ಅಲ್ಲೇ ಇದ್ದು ಕಲಿ. ನಾನು ಮನಸಾರೆ ಹೇಳುತ್ತಿದ್ದೇನೆ, ಸಿಟ್ಟಿನಲ್ಲಿ ಅಲ್ಲ. ಜಗಲಿಯಲ್ಲಿ ಕೂತು ಪಾಠ ಹೇಳುವ ನನ್ನ ಆಸೆ ಆಸೆಯಾಗಿಯೇ ಇರಲಿ, ಪುಸ್ತಕವನ್ನು ಹೇಗೂ ಶಾಲೆಯ ಲೈಬ್ರರಿಗೆ ಕೊಡಬಹುದು. ಅವರ ಮನೆಯಲ್ಲಿ ಉಂಡ ತಟ್ಟೆ ನೀನೇ ತೊಳೆ. ಅತ್ತೆಗೆ ಕೈಕಾಲಿಗೆ ಎಣ್ಣೆ ಹಚ್ಚಿಕೊಡು. ಅವರು ಕೊಂಕಣಿಯಲ್ಲಿ ಮಾತಾಡಿದರೆ ಗೊಳ್ಳೆಂದು ನಗಬೇಡ, ಕಲಿತುಕೋ. ನದಿಗೆ ಒಬ್ಬಳೇ ಇಳಿಯಬೇಡ. ದಸರೆಯ ದಿನ ಪುಸ್ತಕಕ್ಕೆ ಹೂ ಏರಿಸಿ ನಮ್ಮನ್ನು ಒಂದು ಸಲ ನೆನೆ.

ಅಪ್ಪನ ಆಶೀರ್ವಾದ. ಮೇಡಮ್ಮಿಗೆ ಒಂದು ಬುಟ್ಟಿ ಒಣಮೀನು ಕಳಿಸುವವರಿದ್ದಾರೆ, ಅವರ ಪಕ್ಷ ಗೆದ್ದಿತಲ್ಲ. ಓದಿ ದೊಡ್ಡವಳಾಗು. ನೀನು ಎಲ್ಲಿದ್ದರೂ ನಿನ್ನ ಕಣ್ಣೀರು ನೆಲಕ್ಕೆ ಬೀಳದಿರಲಿ.

ನಿನ್ನ
ಆಯಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದೆ. ಒಂದು ಮಾತು ಬರೆದಿರಲಿಲ್ಲ, ಬರೆಯದಿದ್ದರೆ ನಿನಗೇ ತೊಂದರೆಯಾದೀತು.

ಮೇಡಂ ನಿನ್ನ ಚುಕ್ಕೆಗಳನ್ನು ಹೊಗಳಿದಾಗ ನಾನು ಬಾಯಿ ತೆರೆದಿದ್ದೆ. ಅದು ನಾನು ಕಲಿಸಿದ್ದು ಎನ್ನಲಿಕ್ಕೆ. ಅಷ್ಟರಲ್ಲಿ ಅವರೇ ಹೇಳಿದರು, “ಎಲ್ಲಾ ತಂತಾನೇ ಕಲ್ತದ್ದಂತೆ, ಪಾಪ. ಮನೇಲಿ ಸೈನ್ಸ್ ಹೇಳ್ಕೊಡೂಕೆ ಯಾರೂ ಇಲ್ಲ, ಆಯಿ ಮನೇಲೇ ಇರೂದು ಅಂತ ಹೇಳ್ತಿತ್ತು. ಅದ್ಕೇ ನಾ ಅವಳೊಬ್ಬಳನ್ನೇ ಮನಿಗೆ ಕರ್ದದ್ದು. ನೀವು ಮನೇಲೇ ಇರೂದಲ್ದಾ ಬಾಯಿ?”

ತೊಡೆಯ ಮೇಲೆ ಕಚೇರಿಗೆ ಮುಟ್ಟಿಸಬೇಕಾದ ಕಾಗದವಿತ್ತು. ಅದರ ಮೇಲೆ ತಂದವರು ಎಂದು ನನ್ನ ಹೆಸರು, ಹೆಸರಿನ ಕೆಳಗೆ ಸಹಶಿಕ್ಷಕಿ, ವಿಜ್ಞಾನ ಎಂದು ಇತ್ತು. ಸೆರಗು ಎಳೆದು ಮುಚ್ಚಿಕೊಂಡೆ. ಮುಚ್ಚಳದ ಪಾಠ ಹೇಳಿಸಿಕೊಂಡದ್ದು ಅದಾದ ಮೇಲೆ.

ಯಾಕೆ ಹಾಗೆ ಹೇಳಿದೆ ಎಂದು ನಾನು ಕೇಳುವುದಿಲ್ಲ. ನೀನೂ ಬರೆಯಬೇಡ. ಕದ್ವಾಡದಲ್ಲಿ ಇಷ್ಟು ದಿನ ಒಂದೇ ಮನೆಯಲ್ಲಿರುತ್ತೀ, ಎಲ್ಲಾದರೂ ಬಾಯಿ ತಪ್ಪಿ ನನ್ನ ಶಾಲೆಯ ಸುದ್ದಿ ಬಂದರೆ ಅವರ ಕಣ್ಣಿನಲ್ಲಿ ನೀನು ಸಣ್ಣವಳಾಗುತ್ತೀ. ಅವರು ಕೇಳಿದರೆ ಆಯಿ ಮನೆಯಲ್ಲೇ ಇರುತ್ತಾಳೆ ಎಂದೇ ಹೇಳು. ನಾನೂ ಹಾಗೆಯೇ ಹೇಳಿ ಬಂದಿದ್ದೇನೆ.